ಬಟ್ಟೆ ಹಿಂಡಿದ ಮೇಲೆ

ಹುಬ್ಬಳ್ಳಿ, ಆಸ್ಪತ್ರೆಯ ಮೂರನೆಯ ಮಹಡಿ
ಶನಿವಾರ, ೧೨-೭-೨೦೨೫, ಮಧ್ಯಾಹ್ನ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಈಗ ಹೇಗಿದೆ? ದೇವಿಕೊಪ್ಪದಲ್ಲಿ ಎಂಟು ದಿನದಿಂದ ಮಳೆ ಬಿಟ್ಟಿಲ್ಲವಂತೆ. ಜಹೀರುದ್ದೀನ ಮಾಮಾನ ಹಿತ್ತಲಿನ ಕಲ್ಲು ಮಳೆಗಾಲದಲ್ಲಿ ಜಾರುತ್ತದೆ, ಅಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಬೇಡ. ಎಡಗಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಟ್ಟಿದ್ದೀಯೋ ಏನೋ. ನಾನಿದ್ದಾಗಲೇ ದಿನಾ ಬೈದು ಕೂಡಿಸಬೇಕಾಗುತ್ತಿತ್ತು, ಈಗ ಯಾರು ಬೈಯುತ್ತಾರೆ? ನಾನು ಆರಾಮ ಇದ್ದೇನೆ. ಕ್ಯಾಂಟೀನಿನಲ್ಲಿ ಎರಡು ಹೊತ್ತು ಊಟ ಸಿಗುತ್ತದೆ. ರೊಟ್ಟಿ ಚರ್ಮದ ಹಾಗಿರುತ್ತದೆ, ಆದರೂ ತಿನ್ನುತ್ತೇನೆ.

ಈ ಕಾಗದ ತಂದವರ ಹೆಸರು ಭರಮಪ್ಪ, ಬಮ್ಮಿಗಟ್ಟಿಯವರು. ಅವರ ತಂದೆ ಈರಬಸಪ್ಪ ಕಾಕಾ ಅಬ್ಬಾನ ಬಾಜು ಮಂಚದಲ್ಲಿದ್ದಾರೆ, ಅವರಿಗೂ ಹೃದಯದ್ದೇ ಆಪರೇಷನ್. ಭರಮಪ್ಪಣ್ಣ ದಿನಾ ಮುಂಜಾನೆ ಬುತ್ತಿ ತೆಗೆದುಕೊಂಡು ಗಾಡಿಯ ಮೇಲೆ ಬರುತ್ತಾರೆ, ದನಕ್ಕೆ ನೀರು ಮೇವು ನೋಡಬೇಕೆಂದು ಸಂಜೆ ಐದಕ್ಕೆ ತಿರುಗಿ ಹೋಗುತ್ತಾರೆ. ಇವತ್ತು ದೇವಿಕೊಪ್ಪದ ತನಕ ಹೋಗಿ ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾರೆ. ಅವರಿಗೆ ಚಹಾ ಮಾಡಿಕೊಡು, ಸಕ್ಕರೆ ಹೆಚ್ಚು ಹಾಕು.

ಫೋನ್ ಮಾಡದೆ ಕಾಗದ ಯಾಕೆ ಬರೆದಳು ಎಂದು ನೀನು ಕೇಳಬಹುದು. ಫೋನ್ ಮಾಡಿದರೆ ಮಾಮಾ ಸ್ಪೀಕರಿಗೆ ಹಾಕುತ್ತಾರೆ, ಮನೆಯವರೆಲ್ಲ ಸುತ್ತ ಕೂಡುತ್ತಾರೆ, ನನ್ನ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಗುತ್ತದೆ. ಆಪರೇಷನ್ನಿನ ಹಿಂದಿನ ದಿನ ಮಾಡಿದಾಗಲೂ ಹಾಗೇ ಆಯಿತು. "ಅವ್ವಾ ಬರ್ತಾಳೇನ್ರಿ ಮಾಮಾ" ಎಂದು ಕೇಳುವಷ್ಟರಲ್ಲಿ ನನಗೆ ಸಾಕಾಯಿತು. ಹಿಂದಿನಿಂದ ನಿನ್ನ ದನಿ ಕೇಳಿಸಿತು: "ಡಾಕ್ಟ್ರು ಅದಾರಲ್ಲ. ನಾ ಬಂದು ಏನ್ ಮಾಡ್ಲಿ?" ಆ ಮಾತು ಕಿವಿಯಲ್ಲಿ ಇಟ್ಟುಕೊಂಡೇ ಆರು ದಿನ ಕಳೆದಿದ್ದೇನೆ. ನಿನ್ನ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅದರ ಉತ್ತರ ನನಗೆ ನಿನ್ನೆ ಸಿಕ್ಕಿತು. ಆದರೆ ಮೊದಲಿನಿಂದ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ.

ಸೋಮವಾರ ಅಬ್ಬಾನ ಆಪರೇಷನ್ ಆಯಿತು. ಎದೆಯ ಮಧ್ಯದ ಎಲುಬು ಸೀಳಿ, ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸಿದ್ದಾರೆ. ಹೃದಯದ ಕೆಲಸ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿದರು. ನಾನು ಅಲ್ಲಿಯೇ ಗೋಡೆಗೆ ಮುಖ ಮಾಡಿ ಅತ್ತೆ, ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಎದೆ ಸೀಳಿದವರಿಗೆ ಉಸಿರು ಎಳೆದುಕೊಂಡರೆ ನೋವಾಗುತ್ತದೆ. ನೋವಾಗುತ್ತದೆಂದು ಮೇಲುಮೇಲಕ್ಕೆ ಉಸಿರಾಡುತ್ತಾರೆ. ಹಾಗೆ ಮಾಡಿದರೆ ಪುಪ್ಪುಸದ ತಳಕ್ಕೆ ಗಾಳಿ ಹೋಗುವುದಿಲ್ಲ, ಅದು ಮುದುಡಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ಜ್ವರ ಬರುತ್ತದೆ. ಅದಕ್ಕೇ ಇಲ್ಲಿ ಎಲ್ಲರ ಕೈಗೂ ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಕೊಳವೆ ಬಾಯಲ್ಲಿಟ್ಟು ಗಾಳಿ ಎಳೆದರೆ ಗುಂಡು ಮೇಲೆ ಏರುತ್ತದೆ. ಪೂರ್ತಿ ಎಳೆದರೆ ಮೂರೂ ಏರುತ್ತವೆ. ತಾಸಿಗೆ ಹತ್ತು ಸಲ ಮಾಡಬೇಕು.

ಅಬ್ಬಾನ ಒಂದು ಗುಂಡೂ ಏಳಲಿಲ್ಲ. ಒಂದು ದಿನ, ಎರಡು ದಿನ, ಇಲ್ಲ. ನೋವಿಗೆ ಹೆದರುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಅವ್ವಾ, ಅವರು ಹತ್ತಿ ಹಿಂಜುವವರು. ನಲವತ್ತು ವರ್ಷ ಹಿಂಜುವ ಬಿಲ್ಲಿನ ಮುಂದೆ ಕೂತು, ಮೂಗಿಗೆ ವಸ್ತ್ರ ಕಟ್ಟಿಕೊಂಡು, ಮೂಗಿನ ತುದಿಯಿಂದಲೇ ಉಸಿರಾಡಿದವರು. ನಾನು ಸಣ್ಣವಳಿದ್ದಾಗ ಹಿಂಜುವ ಕೋಣೆಯಲ್ಲಿ ಆಡಲು ಹೋದರೆ ಗದರುತ್ತಿದ್ದದ್ದು ನೆನಪಿದೆಯಲ್ಲ: "ಬಾಯಿ ಮುಚ್ಚ ಬೇ! ಸಣ್ಣಗ ತಗೋ ಉಸಿರು. ಹತ್ತಿ ಒಳಗ ಹ್ವಾದ್ರ ಹೊರಗ ಬರೂದಿಲ್ಲ." ದೊಡ್ಡ ಉಸಿರು ಎಳೆದವನು ನಮ್ಮ ಕಸಬಿನಲ್ಲಿ ಹೆಚ್ಚು ದಿನ ಬದುಕುವುದಿಲ್ಲ ಎಂದು ಅಜ್ಜ ಅವರಿಗೆ ಕಲಿಸಿದ್ದರು, ಅವರು ನನಗೆ ಕಲಿಸಿದರು. ಈಗ ಬಿಳಿ ಬಟ್ಟೆ ಹಾಕಿಕೊಂಡವರು ಬಂದು ಜೋರಾಗಿ ಎಳೆಯಿರಿ, ಇನ್ನೂ ಎಳೆಯಿರಿ ಎಂದರೆ ಆ ಮೈ ಕೇಳುವುದಾದರೂ ಹೇಗೆ? ಅವರು ಹಟ ಮಾಡುತ್ತಿಲ್ಲ. ಅವರಿಗೆ ಬರುವುದೇ ಇಲ್ಲ.

ಬುಧವಾರ ಧೈರ್ಯ ಮಾಡಿ ಇದನ್ನು ಅರುಣಾ ಸಿಸ್ಟರಿಗೆ ಹೇಳಿದೆ. ಅವರು ಉಸಿರಿನ ವ್ಯಾಯಾಮ ಮಾಡಿಸುವವರು, ಧಾರವಾಡದ ಕಡೆಯವರು. ಸಿಡುಕಿನವರು, ಆದರೆ ಕೈ ಬಹಳ ಮೆತ್ತಗೆ. ನನ್ನ ಮಾತು ಕೇಳಿ, "ಇದನ್ನ ಮೊದಲ ದಿನಾನ ಹೇಳಬಾರದೇನವಾ" ಅಂದರು. ಆಮೇಲೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಅಬ್ಬಾನ ಮಂಚದ ಮೇಲೆ ಕೂತು, "ಅಜ್ಜಾರ, ಉಸಿರಿನ ಮಾತು ಬಿಡ್ರಿ ಈಗ. ಕಣ್ಣ ಮುಚ್ಚ್ರಿ. ನಿಮಗ ಅಗದಿ ಪ್ರೀತಿ ವಾಸನಿ ಯಾವ್ದು, ಅದು ಮೂಗಿನ ಮುಂದ ಬಂದೈತಿ ಅನಕೋರಿ. ಅದನ್ನ ಮೂಸ್ರಿ, ಅಷ್ಟ ಸಾಕು" ಎಂದರು. ಒಳ್ಳೆಯ ವಾಸನೆ ಬಂದರೆ ಯಾರೂ ಹೇಳದೆಯೇ ಉಸಿರು ತಾನಾಗಿ ಹೊಟ್ಟೆಯ ತನಕ ಇಳಿಯುತ್ತದಂತೆ, ಎದೆ ಬಿಗಿ ಹಿಡಿಯುವುದಿಲ್ಲವಂತೆ. ವಾಸನೆ ಖರೇನೇ ಇರಬೇಕೆಂದಿಲ್ಲ, ಮನಸ್ಸಿನಲ್ಲಿ ಬಂದರೂ ಪುಪ್ಪುಸ ಬಿಚ್ಚಿಕೊಳ್ಳುತ್ತದೆ, ಇಂಥವರಿಗೆ ನಾನು ಮಾಡಿಸಿದ್ದೇನೆ ಎಂದರು. ನಾನು ಮೂಲೆಯಲ್ಲಿ ನಿಂತು ನಾನೂ ಕಣ್ಣು ಮುಚ್ಚಿ ನೋಡಿದೆ. ಅಜ್ಜಿಯ ಪೆಟ್ಟಿಗೆಯಲ್ಲಿನ ಹಳೆ ಸೀರೆಯ ವಾಸನೆ ಬಂತು. ನಿಜವಾಗಿಯೂ ಬಂತು ಅವ್ವಾ.

ಈರಬಸಪ್ಪ ಕಾಕಾನಿಗೆ ಇದು ಒಂದೇ ಸಲಕ್ಕೆ ಬಂದುಬಿಟ್ಟಿತು. ಅವರು ದಿನಾ ಹಣೆತುಂಬ ವಿಭೂತಿ ಹಚ್ಚುವವರು. ಬಿಲ್ವಪತ್ರೆಯನ್ನೋ ಕರ್ಪೂರವನ್ನೋ ನೆನೆಸಿಕೊಳ್ಳುತ್ತಾರೆ ಎಂದು ಸಿಸ್ಟರ್ ಅಂದುಕೊಂಡಿದ್ದರು. ಮೂರೂ ಗುಂಡು ಟಣ್ಣನೆ ಏರಿದ ಮೇಲೆ ಯಾವ ವಾಸನೆ ಕಾಕಾ ಎಂದು ನಾನು ಕೇಳಿದರೆ, "ಮಿರ್ಚಿ ಭಜಿ, ಆಗಷ್ಟ ಎಣ್ಣಿಂದ ತಗದದ್ದು" ಎಂದರು. "ಅಜ್ಜಾರ, ಭಜಿ ತಿಂದ ಅಲ್ಲೇನ್ರಿ ಇಲ್ಲಿ ಬಂದ್ ಬಿದ್ದದ್ದು!" ಎಂದು ಸಿಸ್ಟರ್ ಗದರಿದರು. "ತಿನ್ನಾಕ ನೀವ ಬಿಡೂದಿಲ್ಲ, ಮೂಸಾಕರ ಬಿಡ್ರೆವಾ" ಎಂದು ಕಾಕಾ ಕೈ ಮುಗಿದರು. ಇಡೀ ವಾರ್ಡು ನಕ್ಕಿತು. ಎದೆಗೆ ಹೊಲಿಗೆ ಬಿದ್ದವರೆಲ್ಲ ತಲೆದಿಂಬು ಅವಚಿಕೊಂಡು ನಕ್ಕರು, ಇಲ್ಲಿ ಹಾಗೆಯೇ ನಗಬೇಕು, ಹಾಗೆಯೇ ಕೆಮ್ಮಬೇಕು. ಅಬ್ಬಾ ನಗಲಿಲ್ಲ. ಅವರು ತಲೆದಿಂಬನ್ನು ಒತ್ತಿ ನೋಡಿ, "ಇದು ಹತ್ತಿ ಅಲ್ಲ" ಎಂದರು. ಮೂರು ದಿನದಲ್ಲಿ ಅವರು ಆಡಿದ ಪೂರ್ತಿ ಮಾತು ಅದೊಂದೇ.

ನಿಮ್ಮ ವಾಸನೆ ಯಾವುದು ಎಂದು ಸಿಸ್ಟರ್ ಕೇಳಿದರೆ, "ನನಗ ಮೂಗಿಲ್ರಿ. ಹತ್ತಿ ತಿಂದೈತಿ" ಎಂದು ಮುಖ ತಿರುಗಿಸಿದರು. ಸಿಸ್ಟರ್ ಗುಲಾಬಿ ಎಂದರು, ಮಲ್ಲಿಗೆ ಎಂದರು, ಮಾವಿನಹಣ್ಣು, ಹಸಿ ಶುಂಠಿ ಹಾಕಿದ ಚಹಾ, ಬಿರಿಯಾನಿ ಎಂದರು. ಎಲ್ಲಕ್ಕೂ ಅಬ್ಬಾ ತಲೆ ಅಲ್ಲಾಡಿಸಿದರು.

ಇನ್ನು ನಾನು ಮಾಡಿದ ತಪ್ಪು ಹೇಳುತ್ತೇನೆ. ಓದಿ ನನ್ನನ್ನು ಬೈದುಕೊ, ಆದರೆ ಕಾಗದ ಬಿಸಾಡಬೇಡ. ಮನಸ್ಸಿನಲ್ಲಿ ವಾಸನೆ ತರಿಸಿಕೊಳ್ಳಲು ಬಾರದವರಿಗೆ ಖರೇ ವಾಸನೆ ಕೊಟ್ಟರಾಯಿತು ಎಂದು ನನಗೆ ಹೊಳೆಯಿತು. ಗುರುವಾರ ಮುಂಜಾನೆಯ ಬಸ್ಸಿಗೆ ಮೊರಬದ ನಮ್ಮ ಮನೆಗೆ ಹೋಗಿ, ಅಬ್ಬಾನ ಶುಕ್ರವಾರದ ಕೋಟಿನ ಕಿಸೆಯಿಂದ ಅತ್ತರಿನ ಶೀಶೆ ತಂದೆ. ಅವರು ನಮಾಜಿಗೆ ಹೋಗುವಾಗ ಹತ್ತಿಯ ಉಂಡೆಗೆ ಅತ್ತರು ಮುಟ್ಟಿಸಿ ಕಿವಿಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ನಾನೂ ಹಾಗೇ ಮಾಡಿದೆ. ಹತ್ತಿಯನ್ನು ಚೆನ್ನಾಗಿ ಬಿಡಿಸಿ, ನಾಲ್ಕು ಹನಿ ಹಾಕಿ, ಯಾರೂ ನೋಡದ ಹೊತ್ತಿನಲ್ಲಿ ಅವರ ಮೂಗಿನ ಹತ್ತಿರವೇ ಹಿಡಿದೆ. ಮೊದಲು ಅವರು ಹತ್ತಿಯನ್ನು ನೋಡಿದರು. ನೋಡಿದ ತಕ್ಷಣ ಬಾಯಿ ಮುಚ್ಚಿಕೊಂಡರು, ಅಭ್ಯಾಸ. ಆಮೇಲೆ ಅತ್ತರು ಗಂಟಲಿಗೆ ತಾಗಿ ಕೆಮ್ಮು ಹಿಡಿಯಿತು. ಎಂಥ ಕೆಮ್ಮು ಅವ್ವಾ! ಎದೆಯ ಎಲುಬಿಗೆ ಹೊಲಿದ ತಂತಿ ಹರಿಯುತ್ತದೆಂದು ಎರಡೂ ಕೈಯಿಂದ ಎದೆ ಹಿಡಿದುಕೊಂಡರು, ಮುಖ ನೀಲಿಗಟ್ಟಿತು, ಮಂಚದ ತಲೆಯ ಕಡೆಯ ಯಂತ್ರ ಕೂಗತೊಡಗಿತು. ಮೂರು ಜನ ಓಡಿ ಬಂದರು. ಅರುಣಾ ಸಿಸ್ಟರ್ ನನ್ನ ಕೈಯಿಂದ ಹತ್ತಿ ಕಿತ್ತುಕೊಂಡು, "ನಾ ಹೇಳಿದ್ದು ಮನಸ್ಸಿನಾಗ! ಖರೇ ವಾಸನಿ ತಂದಿಯಲ್ಲವಾ ಹುಡುಗಿ, ಹೊಸಾ ಹೊಲಿಗಿ ಅದಾವು ಎದಿಯಾಗ, ಗೊತ್ತೈತೇನ?" ಎಂದು ಎಲ್ಲರ ಮುಂದೆ ಬೈದರು. ನಾನು ಮೆಟ್ಟಿಲ ಹತ್ತಿರ ಹೋಗಿ ಕೂತೆ. ಅವತ್ತೇ ಸಂಜೆ ಜ್ವರ ಬಂತು.

ಅತ್ತರಿನಿಂದ ಜ್ವರ ಬಂದದ್ದಲ್ಲ, ಮುದುಡಿದ ಪುಪ್ಪುಸದಿಂದ ಬಂದದ್ದು, ಅದು ಬುಧವಾರದಿಂದಲೇ ಶುರುವಾಗಿತ್ತು ಎಂದು ಆಮೇಲೆ ಸಿಸ್ಟರೇ ಬಂದು ಹೇಳಿದರು. ನನ್ನ ತಲೆಗೆ ಅದು ಹೋಗುತ್ತದೆ, ಎದೆಗೆ ಹೋಗುವುದಿಲ್ಲ. ನಿನ್ನೆ ಮುಂಜಾನೆ ಎದೆಯ ಎಕ್ಸ್-ರೇ ಫೋಟೋ ತೆಗೆದರು. ಎಡಗಡೆಯ ತಳ ಪೂರ್ತಿ ಬೆಳ್ಳಗೆ ಕಂಡಿತು. ಹಿಂಜಿದ ಹತ್ತಿಯನ್ನೇ ಅಲ್ಲಿ ತುರುಕಿದ ಹಾಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಸೋಮವಾರ ಮತ್ತ ನೋಡೂಣು. ಅಷ್ಟರಾಗ ಬಿಚ್ಚಿಕೊಳ್ಳಲಿಲ್ಲ ಅಂದ್ರ ಬಾಯಾಗ ಪೈಪ್ ಹಾಕಿ ಮಷೀನಿಗೆ ಹಚ್ಚಬೇಕಾಗ್ತದ. ಅವರ ವಯಸ್ಸಿಗೆ, ಅವರ ಪುಪ್ಪುಸಕ್ಕ, ಹಚ್ಚಿದ್ದು ತಗಿಯೂದು ಸರಳ ಅಲ್ಲಮ್ಮಾ" ಎಂದರು. ತಗಿಯೂದು ಸರಳ ಅಲ್ಲ ಎಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಬಾಗಿಲ ಹತ್ತಿರ ನಿಂತು ಹೇಳಿದ್ದರಿಂದ ಅಬ್ಬಾನಿಗೂ ಕೇಳಿಸಿತ್ತು. ನಾನು ಒಳಗೆ ಹೋದಾಗ ಮೇಲಿನ ಫ್ಯಾನು ನೋಡುತ್ತ, "ಮಷೀನ್ ಬ್ಯಾಡ. ಒಂದ್ ಮಷೀನ್ ತಂದು ಮನಿ ಕಳಕೊಂಡೀನಿ" ಎಂದರು.

ಆ ಮಷೀನಿನ ಮಾತು ನಾನು ಎತ್ತಬಾರದು ಎಂದುಕೊಂಡಿದ್ದೆ, ಅವರೇ ಎತ್ತಿದರು. ನೀನು ಮಾಮಾನ ಮನೆಗೆ ಮೂರು ದಿನಕ್ಕೆಂದು ಹೋದಾಗ, ಹತ್ತಿ ಹಿಂಜುವ ಕರೆಂಟಿನ ಮಷೀನ್ ಕೂಡಿಸಲು ಜಾಗ ಸಾಲದೆಂದು ಅಬ್ಬಾ ನಿನ್ನ ಮಗ್ಗ ಬಿಚ್ಚಿದ್ದು ತಪ್ಪು. ಅರ್ಧ ನೇಯ್ದ ಜಮಖಾನೆಯನ್ನು ಕತ್ತರಿಸಿ ತೆಗೆದದ್ದು ಇನ್ನೂ ದೊಡ್ಡ ತಪ್ಪು. ಅಜ್ಜಿ ನವಲಗುಂದದ ತವರಿನಿಂದ ತಂದ ಮಗ್ಗ ಅದು. ಮಗಳು ಬೇರೆ ಮನೆಗೆ ಹೋಗುವವಳು ಎಂದು ನನಗೂ ಕಲಿಸದೆ, ಸೊಸೆಯಾದ ನಿನಗೆ ಮಾತ್ರ ಕಲಿಸಿದ ಮಗ್ಗ. ನೀನು ತಿರುಗಿ ಬಂದು, ಬಾಗಿಲಲ್ಲಿ ನಿಂತು ಎಲ್ಲ ನೋಡಿ, "ನಾ ಕೂಡೂ ಜಾಗದಾಗ ಮಷೀನ್ ಕುಂತೈತಿ. ಅದಕ್ಕ ಹೇಳ್ರಿ ನಿಮಗ ರೊಟ್ಟಿ ಬಡಿಯಾಕ" ಎಂದು ಚೀಲ ಕೆಳಗಿಡದೆಯೇ ಹೊರಟದ್ದು ನನ್ನ ಕಣ್ಣ ಮುಂದಿದೆ. ಎಂಟು ತಿಂಗಳಾಯಿತು. ನೀನು ಹೋದದ್ದು ತಪ್ಪೆಂದು ನಾನು ಒಂದು ದಿನವೂ ಅಂದಿಲ್ಲ, ಇವತ್ತೂ ಅನ್ನುವುದಿಲ್ಲ. ಆದರೆ ನೋಡಿದ್ದನ್ನು ಹೇಳದೆ ಇರಲಾರೆ. ಗುರುವಾರ ಅತ್ತರು ಹುಡುಕುವಾಗ ಕೋಟಿನ ಕೆಳಗೆ ಆ ಅರ್ಧ ಜಮಖಾನೆ ಸಿಕ್ಕಿತು. ಕತ್ತರಿಸಿದ ಕಡೆ ಬಿಚ್ಚಿಹೋಗಬಾರದೆಂದು ಎಳೆಎಳೆಗೂ ಗಂಟು ಹಾಕಿದ್ದಾರೆ. ದಪ್ಪ ದಪ್ಪ ಗಂಟು, ಗಾದಿ ಹೊಲಿಯುವವರ ಗಂಟು. ಎಷ್ಟು ದಿನ ಕೂತು ಹಾಕಿದರೋ, ನಾನು ಒಂದು ಸಲವೂ ನೋಡಲಿಲ್ಲ.

ಈಗ ನಿನ್ನೆಯ ಮಾತಿಗೆ ಬರುತ್ತೇನೆ. ನಿನ್ನೆ ಮಧ್ಯಾಹ್ನ ಜ್ವರದ ಮಂಪರಿನಲ್ಲಿ ಅಬ್ಬಾ ಏನೋ ಗುನುಗುತ್ತಿದ್ದರು. ಕಿವಿ ಹತ್ತಿರ ಇಟ್ಟು ಕೇಳಿದೆ. "ಬಟ್ಟಿ ಒದ್ದಿ ಆತೇನ?" ಎನ್ನುತ್ತಿದ್ದರು. ಮೊದಲು ಹಾಸಿಗೆ ಒದ್ದೆಯಾಗಿದೆ ಎಂದು ಹುಡುಕಿದೆ. ಇಲ್ಲ. ಮತ್ತೆ, "ಹೊತ್ತ ಏರಾಕತ್ತೈತಿ, ಬಟ್ಟಿ ಒದ್ದಿ ಆತೇನ?" ಎಂದರು. ಆಗ ನನಗೆ ಹೊಳೆಯಿತು. ಚಳಿಗಾಲದಲ್ಲಿ ನೀವಿಬ್ಬರೂ ಹೊಳೆಯಪ್ಪ ಗೌಡರ ಕಡಲೆ ಹೊಲಕ್ಕೆ ಹೋಗುತ್ತಿದ್ದಿರಲ್ಲ, ಹುಳಿ ತರಲು. ಇಬ್ಬನಿ ಬಿದ್ದ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ, ಅದು ಹುಳಿನೀರು ಕುಡಿದ ಮೇಲೆ ಹಿಂಡಿ, ಬಾಟಲಿ ತುಂಬಿಕೊಂಡು ಬರುತ್ತಿದ್ದಿರಿ. ವರ್ಷವಿಡೀ ಓಣಿಯವರೆಲ್ಲ ಹೊಟ್ಟೆನೋವಿಗೆ ಕೇಳಿಕೊಂಡು ಬರುತ್ತಿದ್ದ ಹುಳಿ. ನಾನು ಅವರ ಕಿವಿಯಲ್ಲಿ, "ಕಡ್ಲಿ ಹೊಲದಾಗ ಅದೀರೇನ್ರಿ ಅಬ್ಬಾ?" ಎಂದೆ.

ಅವ್ವಾ, ಅವರ ಮೂಗಿನ ಹೊಳ್ಳೆ ಅಗಲವಾಯಿತು. ನಾನು ಕಣ್ಣಾರೆ ನೋಡಿದೆ. ನಲವತ್ತು ವರ್ಷ ಅರ್ಧ ಮುಚ್ಚಿಕೊಂಡಿದ್ದ ಮೂಗು ತೆರೆಯಿತು. ನಾನು ಗಡಬಡಿಸಿ ಡಬ್ಬಿಯ ಕೊಳವೆ ಬಾಯಿಗೆ ಹಿಡಿದು, ನನಗೆ ತಿಳಿದಂತೆ ಹೇಳತೊಡಗಿದೆ. ಇನ್ನೂ ಹೊತ್ತು ಮೂಡಿಲ್ಲ, ಎರೆಮಣ್ಣು ತಣ್ಣಗಿದೆ, ಗಿಡದ ಮೇಲೆಲ್ಲ ಇಬ್ಬನಿ, ಹುಳಿ ವಾಸನೆ ಬರುತ್ತಿದೆ, ಬಾಯಲ್ಲಿ ನೀರು ಬರುತ್ತಿದೆ, ಅವ್ವಾ ಬಿಳಿ ಬಟ್ಟೆ ಹಾಸುತ್ತಿದ್ದಾಳೆ. ಒಂದು ಗುಂಡು ನಡುಗುತ್ತ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಈರಬಸಪ್ಪ ಕಾಕಾ ತಮ್ಮ ಮಂಚದಿಂದ, "ಏರ್ತು ಸಾಬ್ರ, ಏರ್ತು! ಬಿಡಬ್ಯಾಡ್ರಿ!" ಎಂದು ಕೂಗಿದರು. ಅಬ್ಬಾ ಕೊಳವೆ ಬಿಟ್ಟು, ಕಣ್ಣು ತೆರೆಯದೆ, "ಬಿಳಿ ಬಟ್ಟಿ ಅಲ್ಲ ಬೇ. ಗಾದಿ ಬಟ್ಟಿ, ನೀಲಿ ಪಟ್ಟಿದು" ಎಂದು ನನ್ನನ್ನು ತಿದ್ದಿದರು. ನಾನು ತಿದ್ದಿಕೊಂಡು ಹೇಳಿದೆ. ಎರಡನೆಯ ಗುಂಡು ಅರ್ಧ ಏರಿತು.

ಅವಾಗಿನಿಂದ ಇದೇ ಮಾಡುತ್ತಿದ್ದೇವೆ. ತಾಸಿಗೆ ಹತ್ತು ಸಲ ಆ ಹೊಲಕ್ಕೆ ಹೋಗಿ ಬರುತ್ತೇವೆ. ಸಿಸ್ಟರ್ ಬಂದು ಬೆನ್ನಿಗೆ ಸ್ಟೆತಸ್ಕೋಪ್ ಹಚ್ಚಿ ಕೇಳಿ, ಎಡಗಡೆ ತುಸು ಗಾಳಿ ಹೋಗುತ್ತಿದೆ, ತಳದ ತನಕ ಇನ್ನೂ ಇಲ್ಲ ಎಂದರು. ಉಸಿರು ಇನ್ನೂ ಉದ್ದ ಹೋಗಬೇಕು, ಒಳಗೆ ಹೋದದ್ದು ಸ್ವಲ್ಪ ಹೊತ್ತು ನಿಲ್ಲಬೇಕು, ಆಗ ತಳದ ಮಡಿಕೆ ಬಿಚ್ಚುತ್ತದೆ ಎಂದರು. ನನ್ನ ಕತೆ ಅಷ್ಟು ಉದ್ದ ಇಲ್ಲ ಅವ್ವಾ. ನಾನು ಆ ಹೊಲಕ್ಕೆ ಒಂದು ದಿನವೂ ಬಂದವಳಲ್ಲ. ಚಳಿಗೆ ಕೆಮ್ಮು ಬರುತ್ತದೆಂದು ನೀನು ನನ್ನನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿಸಿ ಹೋಗುತ್ತಿದ್ದೆ. ನಾನು ಎದ್ದಾಗ ನೀವು ತಿರುಗಿ ಬಂದಿರುತ್ತಿದ್ದಿರಿ, ಮೂಲೆಯಲ್ಲಿ ಬಾಟಲಿ ಇರುತ್ತಿದ್ದವು, ನಿನ್ನ ಕೈ ಹುಳಿ ತಾಗಿ ಕೆಂಪಗಾಗಿರುತ್ತಿತ್ತು. ಅಷ್ಟೇ ನನಗೆ ಗೊತ್ತು. ಉಳಿದದ್ದು ಊಹೆ. ಅವರ ಉಸಿರು ಪ್ರತಿ ಸಲವೂ ಒಂದೇ ಕಡೆ ಬಂದು ನಿಲ್ಲುತ್ತದೆ, ಎರಡನೆಯ ಗುಂಡು ಅರ್ಧದಿಂದ ಕೆಳಗೆ ಬೀಳುತ್ತದೆ. ಎಲ್ಲಿ ನಿಲ್ಲುತ್ತದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮಕ್ಕಳು ತಂದೆತಾಯಿಯನ್ನು ಕೇಳುವ ಮಾತಲ್ಲ ಅದು.

ನೀನು ಮೊರಬಕ್ಕೆ ತಿರುಗಿ ಬಾ ಎಂದು ನಾನು ಬರೆಯುತ್ತಿಲ್ಲ. ಅಬ್ಬಾನನ್ನು ಮಾಫ್ ಮಾಡು ಎಂದೂ ಬರೆಯುತ್ತಿಲ್ಲ, ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ನಿನಗೆ ಇನ್ನೂ ಸಿಟ್ಟು ಇದ್ದರೆ ಇರಲಿ, ಆದರೆ ಸಿಟ್ಟು ಮಾಡಲಿಕ್ಕಾದರೂ ಆ ಮನುಷ್ಯ ಇರಬೇಕಲ್ಲ. ನಾಳೆ ಒಂದು ದಿನ ಉಳಿದಿದೆ. ಇಲ್ಲಿ ಎಲ್ಲ ಇದೆ, ಔಷಧಿ ಇದೆ, ಡಾಕ್ಟರಿದ್ದಾರೆ, ಸಿಸ್ಟರ್ ಇದ್ದಾರೆ. ಇಲ್ಲದ್ದು ಒಂದೇ, ಅದು ನಿನ್ನ ಹತ್ತಿರ ಇದೆ.

ಮಾಮಾನಿಗೆ, ಮಾಮಿಗೆ ಸಲಾಂ ಹೇಳು. ಅವರ ಸಣ್ಣ ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ಈರಬಸಪ್ಪ ಕಾಕಾ ನಿನ್ನನ್ನು ನೋಡಿಲ್ಲ, ಆದರೂ ಶರಣು ಹೇಳಿದ್ದಾರೆ. ದುವಾ ಮಾಡುವಾಗ ಅಬ್ಬಾನ ಹೆಸರು ಬಾಯಿಗೆ ಬಾರದಿದ್ದರೆ ನನ್ನ ಹೆಸರನ್ನೇ ಹೇಳು, ನಾನು ಅವರಿಗೆ ದಾಟಿಸುತ್ತೇನೆ. ಅಲ್ಲಾಹ್ ನಿನ್ನ ಮೊಣಕಾಲು ಬೇಗ ನೆಟ್ಟಗೆ ಮಾಡಲಿ.

ನಿನ್ನ ಮಗಳು
ಮುಬಶಿರಾ

ತಾ.ಕ.: ಭರಮಪ್ಪಣ್ಣ ಗಾಡಿಯ ಕೀಲಿ ಹಿಡಿದುಕೊಂಡು ನಿಂತಿದ್ದಾರೆ, ನಾಚಿಕೆ ಬಿಟ್ಟು ಬರೆದುಬಿಡುತ್ತೇನೆ. ಬಟ್ಟೆ ಒದ್ದೆಯಾಗುತ್ತದೆ, ನೀವಿಬ್ಬರೂ ಎರಡು ತುದಿ ಹಿಡಿದು ಹಿಂಡುತ್ತೀರಿ, ಅಲ್ಲಿಯ ತನಕ ಅವರ ಉಸಿರು ಚೆನ್ನಾಗಿ ಬರುತ್ತದೆ. ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲ. ಬಾಟಲಿ ತುಂಬಿ ಮನೆಗೆ ಬಂದಿರಿ ಎಂದು ಹೇಳಿದೆ. ಅವರು ಕಣ್ಣು ತೆರೆದು, "ಸುಳ್ಳ" ಎಂದರು. ಗುಂಡು ಬಿತ್ತು. ಹಿಂಡಿದ ಮೇಲೆ ಏನಾಯಿತು ಹೇಳ್ರಿ ಅಬ್ಬಾ ಎಂದು ಕಾಲು ಹಿಡಿದು ಕೇಳಿದೆ. ಗೋಡೆಯ ಕಡೆ ಹೊರಳಿ, "ಅದು ನನ್ನ ಬಾಯಿಲೆ ಬರೂದಿಲ್ಲ. ಅಕಿನ್ನ ಕೇಳು" ಎಂದರು. ಎಂಟು ತಿಂಗಳಲ್ಲಿ ಅವರು ನಿನ್ನ ಸುದ್ದಿ ಎತ್ತಿದ್ದು ಅದೇ ಮೊದಲು. ನೀನು ಬಂದು ಏನು ಮಾಡಲಿ ಎಂದು ಕೇಳಿದ್ದೆಯಲ್ಲ, ಇದನ್ನು ಮಾಡು, ಬಂದು ಅದನ್ನು ಅವರ ಕಿವಿಯಲ್ಲಿ ಹೇಳು. ಬರಲು ಮನಸ್ಸಿಲ್ಲದಿದ್ದರೆ ಒಂದು ಹಾಳೆಯಲ್ಲಿ ಬರೆದು ಭರಮಪ್ಪಣ್ಣನ ಕೈಗೆ ಕೊಡು, ನಾಳೆ ಮುಂಜಾನೆ ಅವರು ನಿಮ್ಮ ಮನೆಯ ಮುಂದಿನಿಂದಲೇ ಬರುತ್ತಾರೆ. ಇಲ್ಲವೆಂದರೆ ಮಾಮಾನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಯಾರೂ ಇಲ್ಲದ ಕಡೆ ನಿನ್ನ ಮಾತು ರೆಕಾರ್ಡ್ ಮಾಡಿ ಕಳಿಸು. ನಾನು ಕೇಳುವುದಿಲ್ಲ, ಅವರ ಕಿವಿಗೆ ಇಟ್ಟು ಹೊರಗೆ ಹೋಗುತ್ತೇನೆ. ಹುಳಿಯ ಬಾಟಲಿ ಎಲ್ಲಾದರೂ ಇದ್ದರೂ ಕಳಿಸಬೇಡ, ಖರೇ ವಾಸನೆ ಅವರಿಗೆ ತಾಳುವುದಿಲ್ಲ. ನೀವಿಬ್ಬರೂ ಇನ್ನೂ ಆ ಕಡಲೆ ಹೊಲದಲ್ಲೇ ಇದ್ದೀರಿ. ಬಟ್ಟೆ ಹಿಂಡಿಯಾಗಿದೆ, ಒಂದು ತುದಿ ನಿನ್ನ ಕೈಯಲ್ಲಿದೆ, ಅವರು ಉಸಿರು ಹಿಡಿದು ನಿಂತಿದ್ದಾರೆ. ಮುಂದೆ ಏನಾಯಿತು, ಹೇಳವ್ವಾ.